ಸಕ್ಕರೆ ಹಾಕದ್ದಕ್ಕೆ ಹೆಚ್ಚು ದುಡ್ಡು

ಸಕ್ಕರೆ ಕಾಯಿಲೆ ಬಂದದ್ದು ನಮ್ಮ ಅತ್ತೆಗೆ. ಹುಚ್ಚು ಹಿಡಿದದ್ದು ಮಾವನಿಗೆ. ಅತ್ತೆಯದು ಮಾತ್ರೆಯಿಂದ ಒಂದು ಹದ್ದುಬಸ್ತಿಗೆ ಬಂತು. ಮಾವನದಕ್ಕೆ ಇನ್ನೂ ಯಾರೂ ಮಾತ್ರೆ ಕಂಡುಹಿಡಿದಿಲ್ಲ.

ಮಾವ ಎಂದರೆ ನನ್ನ ತಾಯಿಯ ಅಣ್ಣ. ಚಿಕ್ಕಲಸಂದ್ರದ ಹಳೆಯ ಒಕ್ಕಲು. ಈಗ ಅವರ ಮೂರಂತಸ್ತಿನ ಮನೆ ನಿಂತಿರುವ ಜಾಗದಲ್ಲಿ ಒಂದು ಕಾಲಕ್ಕೆ ಅವರಪ್ಪ ರಾಗಿ, ಅವರೆ ಬೆಳೆಯುತ್ತಿದ್ದರು. ಆಮೇಲೆ ಹೊಲ ಸೈಟಾಯಿತು, ಸೈಟು ಮನೆಯಾಯಿತು, ರೈತನ ಮಗ ಓನರ್ ಆದರು. ನಡುವಿನ ಮಹಡಿಯಲ್ಲಿ ಮಾವ, ಅತ್ತೆ. ಮೇಲಿನ ಮಹಡಿಯಲ್ಲಿ ಬಾಡಿಗೆಯ ಸಂಸಾರ. ಕೆಳಗೆ ಎರಡು ಅಂಗಡಿ. ಮಗಳು ಮದುವೆಯಾಗಿ ಬಿಟಿಎಂ ಲೇಔಟಿನಲ್ಲಿದ್ದಾಳೆ, ವಾರಕ್ಕೊಮ್ಮೆ ಬಂದು ಇಬ್ಬರಿಗೂ ಬೈದು ಹೋಗುತ್ತಾಳೆ. ಮಿಕ್ಕ ದಿನಗಳಲ್ಲಿ ಮಾವ ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಬೀದಿಯ ಮೇಲ್ವಿಚಾರಣೆ ನಡೆಸುತ್ತಾರೆ. ಸಂಬಳವಿಲ್ಲದ ಉದ್ಯೋಗ, ಆದರೆ ಒಂದು ದಿನವೂ ರಜೆ ಹಾಕಿದವರಲ್ಲ.

ಅವರಿಗಿರುವ ಚಟ ಒಂದೇ, 'ಯಾಕೆ' ಎಂದು ಕೇಳುವುದು. ಬಸ್ಸಿನಲ್ಲಿ ಕಂಡಕ್ಟರನ್ನು ಹಿಡಿದು, "ಕೂತವನಿಗೂ ಅದೇ ಟಿಕೀಟು, ನಿಂತವನಿಗೂ ಅದೇ ಟಿಕೀಟು. ಯಾಕೆ?" ಎಂದು ಕೇಳಿದರು. ಕಂಡಕ್ಟರ್ ಹೇಳಿದ, "ನೀವು ಇಳಿದ್ರೆ ಇನ್ನೊಬ್ರು ಕೂರ್ತಾರೆ ಯಜಮಾನ್ರೇ, ಮುಂದಿನ ಸ್ಟಾಪು ಹತ್ರಾನೇ ಇದೆ." ಹನುಮಂತನಗರದ ಗುಡ್ಡದ ಮೇಲಿನ ದೇವಸ್ಥಾನಕ್ಕೆ ಹೋದಾಗ, ಚಪ್ಪಲಿ ಬಿಡುವುದಕ್ಕೆ ದುಡ್ಡು, ದೇವರನ್ನು ನೋಡುವುದಕ್ಕೆ ಪುಕ್ಕಟೆ, ಇದು ಯಾಕೆ ಎಂದು ಅರ್ಚಕರನ್ನು ಕೇಳಿದರು. "ಚಪ್ಪಲಿ ಕಳೆದುಹೋಗುತ್ತೆ ಸ್ವಾಮಿ. ದೇವರು ಎಲ್ಲೂ ಹೋಗಲ್ಲ," ಎಂದರು ಅವರು. ಮಾವ ಉತ್ತರದಿಂದ ತೃಪ್ತರಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅತ್ತೆಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ದಿನ ಅವರಿಬ್ಬರನ್ನು ಜಯನಗರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದವನು ನಾನು. ನನ್ನ ಮನೆ ಕುಮಾರಸ್ವಾಮಿ ಲೇಔಟಿನಲ್ಲಿ, ಕೆಲಸ ಬ್ಯಾಂಕಿನಲ್ಲಿ, ಹತ್ತಿರದ ನೆಂಟರಲ್ಲಿ ಕಾರು ಇಟ್ಟುಕೊಂಡ ತಪ್ಪಿಗೆ ಈ ಸೇವೆ. ಡಾಕ್ಟರು ಮಾತ್ರೆ ಬರೆದು, ದಿನಾ ನಡೆಯಬೇಕು ಎಂದು ಹೇಳಿ, ಪಕ್ಕದ ಕೋಣೆಯಲ್ಲಿದ್ದ ಆಹಾರ ತಜ್ಞೆಯ ಬಳಿ ಕಳಿಸಿದರು. ಆಕೆ ಸಣ್ಣಗೆ ಬಳ್ಳಿಯ ಹಾಗಿದ್ದ ಹುಡುಗಿ. ಅಚ್ಚು ಹಾಕಿಸಿದ ಒಂದು ಪಟ್ಟಿ ಕೊಟ್ಟಳು. ಓಟ್ಸ್, ಕಿನೋವಾ, ಬ್ರಾಕೊಲಿ, ಆಲಿವ್ ಎಣ್ಣೆ, ಬಾದಾಮಿ ಹಾಲು.

ಮಾವ ಪಟ್ಟಿಯನ್ನು ದೂರ ಹಿಡಿದು ಓದಿದರು.

"ಬಾದಾಮಿ ಹಾಲು. ಇದನ್ನ ಕರೆಯೋರು ಯಾರಮ್ಮ?"

"ಕರೆಯಲ್ಲ ಅಂಕಲ್, ರುಬ್ಬಿ ತೆಗೀತಾರೆ. ಆನ್‌ಲೈನ್‌ನಲ್ಲಿ ಸಿಗುತ್ತೆ."

"ಹಸೂಗೆ ಹುಲ್ಲು, ಹಿಂಡಿ, ಕೊಟ್ಟಿಗೆ, ಡಾಕ್ಟ್ರು, ಎಲ್ಲಾ ಬೇಕು. ಬಾದಾಮಿಗೆ ಏನೂ ಬ್ಯಾಡ. ಆದ್ರೂ ಹಸೂನ ಹಾಲಿಗಿಂತ ಜಾಸ್ತಿ. ಯಾಕೆ?"

ಹುಡುಗಿ ನನ್ನ ಮುಖ ನೋಡಿದಳು. ನಾನು ಗೋಡೆಯ ಮೇಲಿದ್ದ ಹಣ್ಣುಗಳ ಚಿತ್ರ ನೋಡಿದೆ. ಕೊನೆಗೆ ಆಕೆಯೇ ದಾರಿ ಹುಡುಕಿದಳು. "ಇದೆಲ್ಲ ಬೇಡ ಅಂದ್ರೆ ರಾಗಿ, ಸಿರಿಧಾನ್ಯ, ಸೊಪ್ಪು, ಮೊಳಕೆ ಕಾಳು ತಗೊಳ್ಳಿ ಅಂಕಲ್. ಆಂಟಿ, ಬೇಕರಿ ಐಟಂ ಮಾತ್ರ ಕಂಪ್ಲೀಟ್ ಸ್ಟಾಪ್."

ಅತ್ತೆ ತಲೆ ತಗ್ಗಿಸಿದರು. ಕೆಳಗಿನ ಎರಡು ಅಂಗಡಿಗಳಲ್ಲಿ ಒಂದು ಬೇಕರಿ ಎಂಬುದನ್ನು ಇಲ್ಲಿ ಹೇಳಬೇಕು. ಸಂಜೆ ನಾಲ್ಕಕ್ಕೆ ಅಲ್ಲಿ ಖಾರ ಬನ್ನು ಒಲೆಯಿಂದ ಇಳಿಯುತ್ತದೆ. ಆ ವಾಸನೆಗೆ ಕಾಲಿದೆ, ನೇರ ಮೆಟ್ಟಿಲು ಹತ್ತಿ ಅತ್ತೆಯ ಅಡುಗೆಮನೆಗೆ ಬರುತ್ತದೆ. ಇಪ್ಪತ್ತು ವರ್ಷದಿಂದ ಅತ್ತೆಯ ಸಂಜೆಯ ಕಾಫಿ ಒಂಟಿಯಾಗಿ ಹೊಟ್ಟೆಗೆ ಇಳಿದದ್ದೇ ಇಲ್ಲ.

ಎರಡನೆಯ ಅಂಗಡಿ ಸಾವಯವದ್ದು. ಗಾಣದ ಎಣ್ಣೆ, ಸಿರಿಧಾನ್ಯ, ರಾಸಾಯನಿಕ ಹಾಕದೆ ಬೆಳೆದ ತರಕಾರಿ. ಬೇಕಾದದ್ದೆಲ್ಲ ಕಾಲಬುಡದಲ್ಲೇ ಇದ್ದರೂ ಮಾವ ನನ್ನನ್ನು ಜೆ.ಪಿ. ನಗರದ ದೊಡ್ಡ ಅಂಗಡಿಗೆ ಎಳೆದುಕೊಂಡು ಹೋದರು. ಕಾರಣ ಕೇಳಿದೆ.

"ಬಾಡಿಗೆಯೋರ ಹತ್ರ ನಾನು ಚೌಕಾಸಿ ಶುರು ಮಾಡಿದ್ರೆ, ಅವ್ರೂ ನನ್ ಹತ್ರ ಶುರು ಮಾಡ್ತಾರೆ ಕಣ್ಲಾ," ಎಂದರು. ಮೂರಂತಸ್ತು ಸುಮ್ಮನೆ ಎದ್ದಿಲ್ಲ.

ಆ ಅಂಗಡಿಯಲ್ಲಿ ಎ.ಸಿ.ಯ ತಂಪಿನಲ್ಲಿ ರಾಗಿ ಬಟ್ಟೆಯ ಚೀಲ ತೊಟ್ಟು ಕೂತಿತ್ತು. ಚೀಲದ ಮೇಲೆ ಪೇಟ ಕಟ್ಟಿದ ರೈತನೊಬ್ಬನ ಚಿತ್ರ, ಬಾಯಿ ತುಂಬ ನಗು. ಮಾವ ಅದನ್ನು ಬಹಳ ಹೊತ್ತು ನೋಡಿದರು.

"ಯಾರಪ್ಪ ಇವ್ನು? ರಾಗಿ ಬೆಳ್ದೋನು ಇಷ್ಟು ನಗೋದು ನಾನು ನೋಡೇ ಇಲ್ಲ."

ಅಂಗಡಿಯ ಸಮವಸ್ತ್ರ ತೊಟ್ಟ ಯುವಕ ಓಡಿ ಬಂದ. "ಅದು ಫೋಟೋ ಸಾರ್."

"ಇರ್ಲಿ. ಈ ರಾಗಿಗೆ ಏನ್ ಮಾಡವ್ರೆ, ಇಷ್ಟು ರೇಟು?"

"ಏನೂ ಮಾಡಿಲ್ಲ ಸಾರ್. ಕೆಮಿಕಲ್ ಏನೂ ಹಾಕಿಲ್ಲ."

"ನಮ್ಮಪ್ಪಾನೂ ಏನೂ ಹಾಕ್ತಿರ್ಲಿಲ್ಲ. ಹಾಕೋಕೆ ಕಾಸಿರ್ಲಿಲ್ಲ. ಅವನಿಗೆ ಯಾರೂ ಒಂದು ರೂಪಾಯಿ ಹೆಚ್ಚಿಗೆ ಕೊಡ್ಲಿಲ್ವಲ್ಲ, ಯಾಕೆ?"

ಆ ಯುವಕ ಹುಟ್ಟುವುದಕ್ಕೆ ಮೊದಲು ನಡೆದ ಅನ್ಯಾಯಕ್ಕೆ ಅವನೇನು ಉತ್ತರ ಕೊಟ್ಟಾನು? ಅಷ್ಟರಲ್ಲಿ ಮಾವ ಬಿಸ್ಕತ್ತಿನ ಸಾಲಿಗೆ ದಾಟಿದ್ದರು. ಸಕ್ಕರೆ ಹಾಕಿದ ಬಿಸ್ಕತ್ತಿನ ಪೊಟ್ಟಣ ಒಂದು ಕೈಯಲ್ಲಿ, ಸಕ್ಕರೆ ಹಾಕದ್ದು ಇನ್ನೊಂದು ಕೈಯಲ್ಲಿ. ಎರಡನೆಯದು ಅರ್ಧದಷ್ಟಿತ್ತು, ಬೆಲೆ ದುಪ್ಪಟ್ಟಿತ್ತು.

"ಸಕ್ಕರೆ ಹಾಕಿದ್ರೆ ಕಮ್ಮಿ, ಹಾಕ್ದೆ ಇದ್ರೆ ಜಾಸ್ತಿ. ಹಂಗಾದ್ರೆ ಹಿಟ್ಟೂ ಹಾಕ್ದೆ ಖಾಲಿ ಪೊಟ್ಟಣ ಕೊಟ್ರೆ ಎಷ್ಟು ತಗೋತೀಯಪ್ಪ?"

ಬಿಲ್ಲಿನ ಸಾಲಿನಲ್ಲಿ ನಿಂತಾಗಲೂ ಬಿಡಲಿಲ್ಲ. ಅಲ್ಲಿ ಬಣ್ಣದ ಪಾನೀಯದ ಬಾಟಲಿಗಳಿಗೆ ಒಂದು ಕೊಂಡರೆ ಒಂದು ಉಚಿತ ಎಂದು ಬೋರ್ಡು ನೇತುಹಾಕಿದ್ದರು. ಸೌತೆಕಾಯಿಗೆ ಯಾಕೆ ಆ ಯೋಗ ಇಲ್ಲ ಎಂದು ಕೇಳಿದರು. ಬಿಲ್ಲು ಮಾಡುತ್ತಿದ್ದ ಹೆಂಗಸು ಕತ್ತೆತ್ತದೆ, "ಸೌತೆಕಾಯಿಗೆ ಕಂಪನಿ ಇಲ್ಲ ಸಾರ್," ಎಂದಳು.

ಮನೆಗೆ ಬರುವ ದಾರಿಯಲ್ಲಿ, ಬನಶಂಕರಿಯ ಸಿಗ್ನಲ್ಲಿನಲ್ಲಿ ಮಾವ, "ಪಾಪ, ಸೌತೆಕಾಯಿ," ಎಂದರು.

ಹೀಗೆ ತಂದ ಸಕ್ಕರೆಯಿಲ್ಲದ ಬಿಸ್ಕತ್ತು ಅತ್ತೆಗೆ ಹಿಡಿಸಲಿಲ್ಲ. ರಟ್ಟು ತಿಂದಂತಾಗುತ್ತದೆ ಎಂದರು. ರಟ್ಟು ಇಷ್ಟು ದುಬಾರಿ ಅಲ್ಲ ಎಂದು ಮಾವ ಸಮಾಧಾನ ಹೇಳಿದರು. ವಾರ ಕಳೆದಿರಬೇಕು. ಒಂದು ಸಂಜೆ ನಾನು ಅವರ ಮನೆಗೆ ಹೋಗಿ ಗೇಟಿನ ಬಳಿ ಮಾವನ ಜೊತೆ ಮಾತಾಡುತ್ತ ನಿಂತಿದ್ದೆ. ಮಹಡಿಯಿಂದ ಹಗ್ಗ ಕಟ್ಟಿದ ಬುಟ್ಟಿಯೊಂದು ಮೆಲ್ಲನೆ ಇಳಿಯಿತು. ಸೊಪ್ಪಿನವಳು ಬಂದಾಗ ಅತ್ತೆ ಬಿಡುವ ಬುಟ್ಟಿ ಅದು. ಆದರೆ ಆ ಹೊತ್ತಿನಲ್ಲಿ ಬೀದಿಯಲ್ಲಿ ಸೊಪ್ಪಿನವಳೂ ಇರಲಿಲ್ಲ, ಸೊಪ್ಪೂ ಇರಲಿಲ್ಲ. ಬುಟ್ಟಿ ಬೇಕರಿಯ ಮುಂದೆ ಒಂದು ಗಳಿಗೆ ನಿಂತು ಮತ್ತೆ ಏರತೊಡಗಿತು. ಮಾವ ಕತ್ತೆತ್ತಿದರು. ಬುಟ್ಟಿ ನಡುವೆಯೇ ನಿಂತಿತು.

"ಏನೇ ಅದು?"

"ಸೊಪ್ಪು ಕಣ್ರೀ," ಎಂದು ಮೇಲಿನಿಂದ ಉತ್ತರ.

"ಸೊಪ್ಪಲ್ಲಿ ಹೊಗೆ ಬರ್ತೈತಲ್ಲೇ."

ಬುಟ್ಟಿ ಗಾಳಿಯಲ್ಲಿ ಒಂದು ಸುತ್ತು ಸುತ್ತಿತು. ಆಮೇಲೆ ಅತ್ತೆ ಕಂಬಿಯ ಮೇಲೆ ಬಗ್ಗಿ, ಬೀದಿಗೆಲ್ಲ ಕೇಳುವ ಹಾಗೆ ವಾದ ಮಂಡಿಸಿದರು. "ನಿಮ್ಮ ಆ ರಟ್ಟು ಬಿಸ್ಕತ್ತಿನ ಕಾಸಲ್ಲಿ ಇಂಥ ಬನ್ನು ಹತ್ತು ಬರ್ತವೆ. ಉಳಿಸ್ತಾ ಇದೀನಿ. ಉಳಿಸೋದು ತಪ್ಪಾ?"

ಮಾವನ ಮನೆತನದ ಧರ್ಮವನ್ನೇ ಹಿಡಿದು ಹೊಡೆದ ಏಟು ಅದು. ಎದ್ದು ನೇರವಾಗಿ ಬೇಕರಿಗೆ ನುಗ್ಗಿದರು. ಜಗಳ ನೋಡುವ ಆಸೆಯಿಂದ ನಾನೂ ಹಿಂದೆಯೇ ಹೋದೆ.

ಬೇಕರಿಯವರು ಹಾಸನದ ಕಡೆಯ ನಿಧಾನಸ್ಥ ಮನುಷ್ಯ. ಕೈ ಒರೆಸಿಕೊಂಡು, ಬನ್ನು ಅಗ್ಗ, ಸೊಪ್ಪು ದುಬಾರಿ, ಯಾಕೆ ಎಂಬ ಮಾವನ ಪ್ರಶ್ನೆಯನ್ನು ಪೂರ್ತಿ ಕೇಳಿದರು.

"ನೋಡಿ ಯಜಮಾನ್ರೇ, ಮೈದಾ ಮೂಟೆ ತಂದಾಕಿದ್ರೆ ತಿಂಗಳುಗಟ್ಲೆ ಇರುತ್ತೆ. ಸಕ್ಕರೆ ಹಾಳಾಗಲ್ಲ, ಡಾಲ್ಡಾ ಹಾಳಾಗಲ್ಲ. ನನ್ ಬಿಸ್ಕತ್ತು ಇವತ್ತು ಹೋಗ್ದಿದ್ರೆ ನಾಳೆ ಹೋಗುತ್ತೆ. ಪಕ್ಕದ ಅಂಗಡಿ ಮೇಡಂ ಸೊಪ್ಪು ಬೆಳಿಗ್ಗೆ ಬಂದು ಸಂಜೆಗೆ ಬಾಡುತ್ತೆ. ಬಾಡಿದ ಕಂತೆ ಬೆಲೇನೂ ಬಾಡ್ದೆ ಇರೋ ಕಂತೆ ಮೇಲೇ ಬೀಳ್ಬೇಕಲ್ವಾ?"

"ಅಂದ್ರೆ ತಿನ್ನೋ ಸೊಪ್ಪಿಗೂ ನಾನೇ ಕೊಡ್ಬೇಕು, ತಿಪ್ಪೆಗೋಗೋ ಸೊಪ್ಪಿಗೂ ನಾನೇ ಕೊಡ್ಬೇಕು."

"ಹಂಗೇ. ಕೊಳೆಯೋದು ಒಳ್ಳೇ ಪದಾರ್ಥಾನೇ ಯಜಮಾನ್ರೇ. ಕೆಟ್ಟದ್ದು ಕೆಡಲ್ಲ."

ಮಾವ ಈ ಮಾತಿನ ಮೇಲೆ ತಲೆ ಆಡಿಸುತ್ತ ಒಂದು ಪಫ್ಸು ತಿಂದರು. ವಿಚಾರಣೆಯ ಖರ್ಚು ಎಂದು ಅದಕ್ಕೆ ದುಡ್ಡು ಕೊಡಲಿಲ್ಲ. ಅಲ್ಲಿಂದ ಪಕ್ಕದ ಸಾವಯವ ಅಂಗಡಿಗೆ ಸವಾರಿ ಹೊರಟಿತು. ಅದನ್ನು ನಡೆಸುತ್ತಿದ್ದಾಕೆ ಯಾವುದೋ ಕಚೇರಿಯ ಒಳ್ಳೆಯ ಕೆಲಸ ಬಿಟ್ಟು ಬಂದವರು. ಸಾಮೆಯಲ್ಲಿ ಕಲ್ಲು ಆರಿಸುತ್ತ ಕೂತಿದ್ದರು. ಬೀದಿಯವರೆಲ್ಲ ಅವರನ್ನು ಮೇಡಂ ಎನ್ನುತ್ತಾರೆ.

"ಮೇಡಂ, ನಿಮ್ದು ಯಾಕಮ್ಮ ಇಷ್ಟು ರೇಟು?"

ಆಕೆ ಬೆರಳು ಮಡಿಸಿ ಹೇಳಿದರು. ಬೆಳೆಯುವವರು ಸಣ್ಣ ಹಿಡುವಳಿಯವರು, ಲಾರಿ ತುಂಬುವಷ್ಟು ಬರುವುದಿಲ್ಲ, ನಾಲ್ಕು ಮೂಟೆಗೂ ಒಂದು ಗಾಡಿ ಮಾಡಬೇಕು. ಕಳೆ ಕೈಯಲ್ಲೇ ಕೀಳಬೇಕು, ಕೂಲಿ ಹೆಚ್ಚು. ಕೊಳ್ಳುವವರು ಕಡಿಮೆ. ಇಷ್ಟು ಹೇಳಿ, ಮಡಿಸದೆ ಉಳಿದ ಹೆಬ್ಬೆರಳನ್ನು ನೋಡುತ್ತ ಸುಮ್ಮನಾದರು.

"ಇನ್ನೊಂದು ಐತೆ ಅನ್ನಿಸ್ತದೆ. ಹೇಳಮ್ಮ."

"ಬೇಜಾರು ಮಾಡ್ಕೋಬಾರ್ದು ಅಂಕಲ್."

"ನಾನ್ಯಾಕೆ ಮಾಡ್ಕೊಳ್ಳಲಿ."

"ಬಾಡಿಗೆ ಅಂಕಲ್."

ಎರಡೂ ಅಂಗಡಿ ಒಂದೇ ಅಳತೆ. ಬೇಕರಿಯವರು ಇಪ್ಪತ್ತು ವರ್ಷದ ಹಿಂದೆ ಬಂದವರು, ಅಲ್ಲೊಂದಿಷ್ಟು ಇಲ್ಲೊಂದಿಷ್ಟು ಏರಿಸಿಕೊಂಡು ಹಳೆಯ ಬಾಡಿಗೆಯಲ್ಲೇ ಇದ್ದರು. ಮೇಡಂ ಎರಡು ವರ್ಷದ ಹಿಂದೆ ಬಂದಾಗ ಮಾವ ಅವರ ಬಳಿ ಅದರ ಎರಡರಷ್ಟು ಕೇಳಿದ್ದರು. ದುಡ್ಡಿರುವವರಿಗೆ ಮಾರುವವರು, ಕೊಡಲಿ ಬಿಡು ಎಂದು ಆಗ ನನ್ನೆದುರೇ ಹೇಳಿದ್ದರು. ಹೀಗಾಗಿ, ಇಡೀ ದಕ್ಷಿಣ ಬೆಂಗಳೂರು ಸುತ್ತಿ, ಕಂಡಕಂಡವರನ್ನೆಲ್ಲ ಹಿಡಿದು, ಒಳ್ಳೆಯ ಊಟ ಯಾಕೆ ದುಬಾರಿ ಎಂದು ಕೇಳಿದ ಮನುಷ್ಯನಿಗೆ ಅವನ ಮನೆಯ ಕೆಳಗೇ, ಅವನ ಹೆಸರಿನಲ್ಲೇ, ಉತ್ತರ ಸಿಕ್ಕಿತು.

ಮಾವ ಮೆಟ್ಟಿಲು ಹತ್ತಿ ಹೋದರು. ಅವರಿಗೆ ಪಾಪಪ್ರಜ್ಞೆ ಕಾಡಿತು, ಮೇಡಂ ಅವರ ಬಾಡಿಗೆಯನ್ನು ಇಳಿಸುತ್ತಾರೆ ಎಂದು ನೀವು ಎಣಿಸುತ್ತಿದ್ದರೆ ನಿಮಗೆ ಬೆಂಗಳೂರಿನ ಓನರ್‌ಗಳ ಪರಿಚಯ ಸಾಲದು. ಒಂದು ವಾರ ಯೋಚಿಸಿ ಅವರು ಬೇಕರಿಯ ಬಾಡಿಗೆಯನ್ನು ಏರಿಸಿದರು.

"ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಆಗ್ಬಾರ್ದು ಕಣ್ಲಾ," ಎಂದರು ನನಗೆ. ಎರಡು ಕಣ್ಣಿಗೂ ಸುಣ್ಣ ಹಾಕಿ ಸಮಾನತೆ ತಂದ ನೆಮ್ಮದಿ ಅವರ ಮುಖದಲ್ಲಿತ್ತು.

ಸೊಪ್ಪಿನ ಬೆಲೆ ಇಳಿಯಲಿಲ್ಲ, ಬನ್ನಿನ, ಪಫ್ಸಿನ ಬೆಲೆ ಏರಿತು. ಬೇಕರಿಯವರು ಪಫ್ಸು ಕೇಳಿದವರಿಗೆಲ್ಲ ಮಾವನ ಮಹಡಿ ತೋರಿಸಿ ಬೆಲೆ ಹೇಳತೊಡಗಿದರು. ಅಲ್ಲಿ ದಿನಾ ಪಫ್ಸು ತಿನ್ನುವ ಆಟೋದವರು ಮಾವನ ಕುರ್ಚಿಯ ಮುಂದೆ ಬೇಕೆಂದೇ ಹಾರನ್ ಹೊಡೆದು ಹೋಗುತ್ತಿದ್ದರು. ಇದಕ್ಕೆಲ್ಲ ಮಾವ ಜಗ್ಗಲಿಲ್ಲ. ಜಗ್ಗಿಸಿದವಳು ಆ ಬೀದಿಯ ಐದಾರು ಮನೆಗಳಲ್ಲಿ ಪಾತ್ರೆ ತೊಳೆಯುವ ಮಂಜುಳಾ. ಅತ್ತೆಯ ಮನೆಯ ಕೆಲಸವೂ ಅವಳದೇ. ಒಂದು ಮಧ್ಯಾಹ್ನ ಮಾವ ಅವಳಿಗೆ ಆರೋಗ್ಯದ ಉಪದೇಶ ಶುರು ಮಾಡಿದರು. ನಾನು ಅತ್ತೆಯ ಮಾತ್ರೆ ತಂದುಕೊಟ್ಟು ಅಲ್ಲೇ ಕೂತಿದ್ದೆ.

"ನೀನೂ ಆ ಬನ್ನು ಟೀ ಬಿಡಮ್ಮ. ಮೈದಾ ವಿಷ. ಸೊಪ್ಪು, ಕಾಳು ತಿನ್ನು."

ಮಂಜುಳಾ ಪಾತ್ರೆ ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಸೊಪ್ಪು ತಂದು, ಸೋಸಿ, ತೊಳೆದು, ಬೇಯಿಸ್ಬೇಕು ಯಜಮಾನ್ರೇ. ನಂಗೆ ಈ ಮನೆಯಿಂದ ಆ ಮನೆಗೆ ಹೋಗೋಕೆ ಹತ್ತು ನಿಮಿಷ. ಅಷ್ಟರಲ್ಲಿ ಹೊಟ್ಟೆಗೆ ಹಾಕ್ಕೊಳ್ಳೋಕೆ ಆಗೋದು ಬನ್ನು ಒಂದೇ. ಅದನ್ನೂ ಏರಿಸಿದ್ರಿ. ಈಗ ಬರೀ ಟೀ ಕುಡೀತೀನಿ. ಅದು ಆರೋಗ್ಯಕ್ಕೆ ಒಳ್ಳೇದಾ?"

ದೂರುವ ದನಿಯಲ್ಲ, ನಿಜಕ್ಕೂ ಕೇಳಿದ ಹಾಗಿತ್ತು. ಮಾವನಿಗೆ ಜೀವನದಲ್ಲಿ ಬೇರೆಯವರು ಪ್ರಶ್ನೆ ಕೇಳಿದ್ದು ಕಡಿಮೆ. ಅವರು ಎದ್ದು ಬಾಲ್ಕನಿಗೆ ಹೋಗಿ ನಿಂತರು. ಅತ್ತೆ ಒಂದು ತಟ್ಟೆಗೆ ಮುದ್ದೆ, ಸಾರು ಹಾಕಿ ಮಂಜುಳಾ ಮುಂದೆ ಇಟ್ಟರು. "ಇನ್ಮೇಲೆ ಇಲ್ಲೇ ಉಂಡು ಹೋಗು," ಎಂದು ಅವಳಿಗೆ ಹೇಳಿ, ಬಾಲ್ಕನಿಯ ಕಡೆಗೆ ತಿರುಗಿ ದನಿ ಏರಿಸಿದರು. "ಬೆನ್ನು ತೋರಿಸ್ಕೊಂಡು ನಿಂತ್ರೆ ಆಗಲ್ಲ. ಕೆಳಗೆ ಹೋಗಿ ಸರಿ ಮಾಡಿ ಬನ್ನಿ."

ಮಾವ ಹೋದರು. ಬೇಕರಿಯ ಬಾಡಿಗೆ ಹಿಂದಿನ ಜಾಗಕ್ಕೆ ಬಂತು. ಹಲ್ಲು ಕೀಳಿಸಿಕೊಳ್ಳುವವರ ಮುಖ ಮಾಡಿಕೊಂಡು ಮೇಡಂ ಅಂಗಡಿಯ ಬಾಡಿಗೆಯನ್ನೂ ಅದಕ್ಕೇ ಇಳಿಸಿದರು.

ಇದರಿಂದ ಸಾವಯವ ಉದ್ಧಾರವಾಯಿತೇ? ಇಲ್ಲ. ಮೇಡಂ ಸೊಪ್ಪಿನ ಬೆಲೆ ಇಳಿಸಿ ನೋಡಿದರು. ಅಗ್ಗವಾದದ್ದು ಕಂಡು ದುಡ್ಡಿದ್ದವರಿಗೆ ಇದು ಅಸಲಿ ಸಾವಯವ ಹೌದೋ ಅಲ್ಲವೋ ಎಂದು ಅನುಮಾನ ಬಂತು. ದುಡ್ಡಿಲ್ಲದವರಿಗೆ ಆ ಗಾಜಿನ ಬಾಗಿಲು ತಳ್ಳುವುದಕ್ಕೆ ಸಂಕೋಚ ಹೋಗಲಿಲ್ಲ. ಆರು ತಿಂಗಳು ಹೆಣಗಿ ಅವರು ಅಂಗಡಿ ಮುಚ್ಚಿ, ಮನೆಯಿಂದಲೇ ಫೋನಿನಲ್ಲಿ ಆರ್ಡರ್ ಪಡೆದು ಕಳಿಸುವ ಏರ್ಪಾಡು ಮಾಡಿಕೊಂಡರು. ಹೋಗುವ ದಿನ ಉಳಿದ ನವಣೆಯನ್ನೆಲ್ಲ ಅತ್ತೆಗೆ ಕೊಟ್ಟು ಹೋದರು. ಮಾವ ಎರಡು ತಿಂಗಳು ನವಣೆ ಉಪ್ಪಿಟ್ಟು ತಿಂದು ಪ್ರಾಯಶ್ಚಿತ್ತ ಮಾಡಿಕೊಂಡರು.

ಖಾಲಿ ಅಂಗಡಿಗೆ ಜನ ಮುತ್ತಿದರು. ಕರಿದ ಕೋಳಿ ಮಾರುವ ಒಂದು ದೊಡ್ಡ ಕಂಪನಿಯವರು ಅಳತೆ ಟೇಪು ಹಿಡಿದು ಬಂದು, ಮೇಡಂ ಮೊದಲು ಕೊಡುತ್ತಿದ್ದುದರ ಮೂರರಷ್ಟು ಕೊಡುತ್ತೇವೆ ಎಂದರು. ಮಾವ ಒಲ್ಲೆ ಎಂದರು. ಕಂಪನಿಯವರು ಇನ್ನಷ್ಟು ಏರಿಸಿದರು. ಮಾವ ಆಗಲೂ ಒಲ್ಲೆ ಎಂದರು. ಔಷಧಿ ಅಂಗಡಿಯವರು ಬಂದರು, ಮೊಬೈಲ್ ರಿಪೇರಿಯವರು ಬಂದರು. ಯಾರಿಗೂ ಇಲ್ಲ. ಷಟರು ಇಳಿದೇ ಇತ್ತು. ಬೆಂಗಳೂರಿನಲ್ಲಿ ಓನರ್ ಒಬ್ಬ ಬಾಡಿಗೆ ಬೇಡ ಎನ್ನುವುದು ಎಂದರೆ ಸಾಮಾನ್ಯ ಸುದ್ದಿಯಲ್ಲ. ನೆಂಟರಿಷ್ಟರ ಫೋನುಗಳು ಬಿಸಿಯಾದವು. ಬಿಟಿಎಂನ ಮಗಳು ಬಂದು ಎರಡು ವಾರದ ಬೈಗುಳವನ್ನು ಒಟ್ಟಿಗೆ ಬೈದು ಹೋದಳು. ಕೊನೆಗೆ ನಮ್ಮಮ್ಮ ನನಗೆ ಆಜ್ಞೆ ಮಾಡಿದರು. "ನಿಮ್ಮ ಮಾವಂಗೆ ಏನೋ ಆಗಿದೆ. ಹೋಗಿ ಬುದ್ಧಿ ಹೇಳಿ ಬಾ. ಬೆಳಿಗ್ಗೆ ಬೇಗ ಹೋಗು, ಕುರ್ಚೀಲಿ ಕೂತ್ರೆ ಆಮೇಲೆ ಯಾರ ಮಾತೂ ಕೇಳಲ್ಲ."

ಭಾನುವಾರ ಆರೂವರೆಗೆ ಹೋದೆ. ಮೇಲೆ ಬೀಗ ಹಾಕಿತ್ತು. ಇಳಿದು ಬಂದಾಗ ಖಾಲಿ ಅಂಗಡಿಯ ಷಟರು ಸೊಂಟದ ಎತ್ತರಕ್ಕೆ ಎತ್ತಿದ್ದು ಕಂಡಿತು. ಒಳಗಿನಿಂದ ಮಾವನ ದನಿ ಕೇಳಿಸುತ್ತಿತ್ತು.

"ಹದಿನೇಳು. ನಿಧಾನ, ತಿರುಗು. ಹದಿನೆಂಟು."

ಬಗ್ಗಿ ನೋಡಿದೆ. ಅಂಗಡಿಯ ಕಪಾಟುಗಳನ್ನೆಲ್ಲ ಕಿತ್ತು ತೆಗೆದಿದ್ದರು. ನೆಲ ಗುಡಿಸಿ ಸಾರಿಸಿತ್ತು. ಒಂದು ಗೋಡೆಯುದ್ದಕ್ಕೂ ಹಿಡಿದುಕೊಳ್ಳಲು ಸ್ಟೀಲಿನ ಕೊಳವೆ ಹಾಕಿಸಿದ್ದರು. ಅತ್ತೆ ಬರಿಗಾಲಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದರು. ಪಕ್ಕದಲ್ಲಿ ಮಾವ, ಅವರ ಹೆಜ್ಜೆಗೆ ತಮ್ಮ ಹೆಜ್ಜೆ ಸಣ್ಣ ಮಾಡಿಕೊಂಡು.

ಅತ್ತೆಯೇ ನನ್ನನ್ನು ಮೊದಲು ಕಂಡದ್ದು. ನಾಚಿಕೆಯಿಂದ ಸೆರಗು ಸರಿಮಾಡಿಕೊಂಡರು. ಮೂರು ತಿಂಗಳ ಹಿಂದೆ, ಡಾಕ್ಟರು ಹೇಳಿದ ಹಾಗೆ ನಡೆಯಲು ಹೋಗಿದ್ದಾಗ, ಫುಟ್‌ಪಾತಿನ ತುಂಬ ನಿಲ್ಲಿಸಿದ್ದ ಸ್ಕೂಟರುಗಳಿಂದಾಗಿ ರಸ್ತೆಗಿಳಿದು, ಎದುರು ಬಂದ ಬೈಕಿಗೆ ಹೆದರಿ ಬಿದ್ದರಂತೆ. ಮೂಳೆಗೆ ಏನೂ ಆಗಲಿಲ್ಲ, ಆದರೆ ಅಂದಿನಿಂದ ಬೀದಿಗೆ ಕಾಲಿಡಲು ಭಯ. ಯಾರಿಗೂ ಹೇಳಬೇಡಿ ಎಂದು ಮಾವನಿಂದ ಭಾಷೆ ತೆಗೆದುಕೊಂಡಿದ್ದರಂತೆ. ಮಗಳಿಗೆ ಗೊತ್ತಾದರೆ ಗಾಬರಿಯಾಗುತ್ತಾಳೆ ಎಂದು. ಊರೆಲ್ಲ ಹುಚ್ಚ ಎಂದರೂ ಮಾವ ಬಾಯಿ ಬಿಟ್ಟಿರಲಿಲ್ಲ.

"ಇವ್ರಿಗೆ ಹೇಳ್ದೆ ಕಣಪ್ಪ, ಪಾರ್ಕು ಇದೆ, ಆಟೋದಲ್ಲಿ ಹೋಗಣ ಅಂತ," ಎಂದರು ಅತ್ತೆ. "ಕೇಳ್ಬೇಕಲ್ಲ. ಅಷ್ಟು ಬಾಡಿಗೆ ಬಿಟ್ಕೊಂಡು ಇಲ್ಲಿ ನನ್ನ ನಡೆಸ್ತಾ ಅವ್ರೆ. ನನಗೆ ಒಂದೊಂದು ಹೆಜ್ಜೆ ಇಡೋಕೂ ಹೊಟ್ಟೆ ಉರೀತೈತೆ."

"ಮಾತಾಡ್ಬ್ಯಾಡ, ಉಸಿರು ಹಿಡೀತದೆ," ಎಂದರು ಮಾವ.

ಅಮ್ಮ ಹೇಳಿಕೊಟ್ಟಿದ್ದ ಬುದ್ಧಿಮಾತುಗಳನ್ನೂ ಚಪ್ಪಲಿಯನ್ನೂ ಹೊರಗೆ ಬಿಟ್ಟು ಒಳಗೆ ಹೋದೆ. ಅತ್ತೆ ಕೊಳವೆ ಬಿಟ್ಟು ಮಾವನ ತೋಳು ಹಿಡಿದುಕೊಂಡಿದ್ದರು.

"ಎಷ್ಟಾಯ್ತು?" ಎಂದು ಕೇಳಿದರು.

ನಾನು ಬಂದ ಗಡಿಬಿಡಿಯಲ್ಲಿ ಮಾವನಿಗೆ ಲೆಕ್ಕ ತಪ್ಪಿಹೋಗಿತ್ತು.

"ಮರ್ತೋಯ್ತು. ಮೊದ್ಲಿಂದ ನಡೆಯಣ ಬಾ," ಎಂದು ಅತ್ತೆಯ ಕೈಯ ಮೇಲೆ ಕೈ ಇಟ್ಟರು.